ಬೆನ್ನು ನೋವು ಯಾವ ಜನ್ಮದ್ದು?



ಇಂದಿನ ಧಮ್ಮ ಚಿಂತನೆ



ಕಳೆದ ಎರಡು ಸರದಿಯೂ ನಾನು ಬರೆಯಲಿಲ್ಲ. "ಮೇಡಂ, ಯಾಕೆ ಸುಮ್ಮನಾದ್ರಿ?" ಎಂದು ಗುಂಪಿನಲ್ಲಿ ಕೇಳಿದವರಿಗೆ ಕೈಮುಗಿದ ಚಿತ್ರ ಹಾಕಿ ತಪ್ಪಿಸಿಕೊಂಡೆ. ಇವತ್ತು ಉತ್ತರ ಹೇಳುತ್ತೇನೆ. ಕೂತು ಬರೆಯಲು ಆಗುತ್ತಿಲ್ಲ. ಮಗ್ಗುಲಾಗಿ ಮಲಗಿ ಹೇಳುತ್ತಿದ್ದೇನೆ, ಮಗಳು ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಜೂನ್ ಮೊದಲ ವಾರ ಶಾಲೆಗೆ ಪಠ್ಯಪುಸ್ತಕದ ಬಂಡಲುಗಳು ಬಂದವು. ಜವಾನರು ಆ ದಿನ ರಜೆ. ಮಕ್ಕಳ ಕೈಲಿ ಹೊರಿಸಬಾರದು ಎಂದು ನಾನೇ ಒಂದೊಂದಾಗಿ ಎತ್ತಿ ಒಳಗಿಟ್ಟೆ. ಏಳನೆಯದೋ ಎಂಟನೆಯದೋ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ಎರಡು ದಿನ ಮುಲಾಮು ಹಚ್ಚಿ ಸುಮ್ಮನಾದೆ. ಹತ್ತು ದಿನ ಕಳೆಯುವಷ್ಟರಲ್ಲಿ ನೋವು ಸೊಂಟ ಬಿಟ್ಟು ಬಲಗಾಲಿಗೆ ಇಳಿಯಿತು. ಪಿರ್ರೆಯಿಂದ ತೊಡೆ, ತೊಡೆಯಿಂದ ಮೀನಖಂಡದ ಪಕ್ಕ, ಅಲ್ಲಿಂದ ಹೆಬ್ಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ. ಕೆಮ್ಮಿದರೂ ಅದೇ ದಾರಿಯಲ್ಲಿ ಹರಿಯುತ್ತಿತ್ತು.

ಎಂಆರ್‌ಐ ಮಾಡಿಸಿದೆವು. ಬೆನ್ನುಮೂಳೆಯ ಕೆಳಭಾಗದ 4ನೇ ಮತ್ತು 5ನೇ ಮಣಿಗಳ ನಡುವಿನ ಡಿಸ್ಕ್ ಹರಿದು ಹೊರಬಂದಿದೆ ಎಂದು ಬಂತು. ನಮ್ಮ ಜನ "ಡಿಸ್ಕ್ ಜಾರಿದೆ" ಎನ್ನುತ್ತಾರೆ. ಅದು ಜಾರುವುದಿಲ್ಲ. ಹೂರಣ ತುಂಬಿದ ಕಡುಬನ್ನು ನೆನೆಸಿಕೊಳ್ಳಿ. ಎರಡು ಮಣಿಗಳ ನಡುವೆ ಅಂಥದ್ದೊಂದು ಮೆತ್ತೆ ಇರುತ್ತದೆ, ಹೊರಗೆ ಗಟ್ಟಿ ಸುತ್ತು, ಒಳಗೆ ಮೆತ್ತನೆಯ ತಿರುಳು. ಸುತ್ತು ಬಿರಿದರೆ ತಿರುಳು ಹೊರಬಂದು ಪಕ್ಕದಲ್ಲಿ ಹೋಗುವ ನರವನ್ನು ಒತ್ತುತ್ತದೆ. ಆ ನರ ಕಾಲಿಗೆ ಹೋಗುವುದರಿಂದ ಕೆಟ್ಟಿದ್ದು ಬೆನ್ನಾದರೂ ಕೂಗುವುದು ಕಾಲು.

ಮೊದಲು ಹೋದ ಆಸ್ಪತ್ರೆಯಲ್ಲಿ ಫಿಲ್ಮ್ ಅನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿದರು. "ಈ ವಾರವೇ ಆಪರೇಷನ್ ಮಾಡಿಬಿಡೋಣ, ತಡ ಮಾಡಿದರೆ ಕಾಲು ಹೋಗುತ್ತೆ" ಎಂದರು. ನನ್ನ ಕಾಲನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಹೊರಗೆ ಬಂದಾಗ ನಮ್ಮೆಜಮಾನರು ದುಡ್ಡಿನ ಲೆಕ್ಕ ಹಾಕುತ್ತಿದ್ದರು. ನಾನು ಅಳುತ್ತಿದ್ದೆ.

ಸುದ್ದಿ ಊರು ಮುಟ್ಟಿತು. ಅವ್ವ ಬಸ್ಸು ಹತ್ತಿ ಬಂದಳು. ಹಾಸಿಗೆ ಪಕ್ಕ ಕೂತು ಕಾಲು ನೀವುತ್ತಾ, "ಯಾವ ಜನ್ಮದ ಕರ್ಮವೋ ಕಾಣಿ ಕನ ಮಗ. ಮಾದಪ್ಪಂಗ ಒಂದು ಹರಕ ಹೊತ್ಕ, ನಿನ್ನ ಗಂಟೇನು ಹೋದ್ದು" ಎಂದಳು.

ನಾನು ದೀಕ್ಷೆ ತೆಗೆದುಕೊಂಡು ಹನ್ನೊಂದು ವರ್ಷ. 22 ಪ್ರತಿಜ್ಞೆಗಳನ್ನು ನಿಂತು ಹೇಳಿದವಳು, ಇದೇ ಗುಂಪಿನಲ್ಲಿ ಅದರ ಬಗ್ಗೆ ಉದ್ದುದ್ದ ಬರೆದವಳು. ಆದರೆ ಅಂದಿನ ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸಲು ಹೋಗಿ ನೋವು ನೆತ್ತಿಗೇರಿದಾಗ ನನ್ನ ಬಾಯಿಂದ ಬಂದದ್ದು "ಅಯ್ಯೋ ಮಾದಪ್ಪಾ" ಎಂದೇ. ಬುದ್ಧನ ಹೆಸರಲ್ಲ, ಬಾಬಾಸಾಹೇಬರ ಹೆಸರಲ್ಲ. ಆಮೇಲೆ ನೋವಿಗಿಂತ ಅದೇ ಹೆಚ್ಚು ಕಾಡಿತು. ಹನ್ನೊಂದು ವರ್ಷ ಓದಿದ್ದೆಲ್ಲ ನಾಲಿಗೆ ಮೇಲಷ್ಟೇ ಇತ್ತಾ ಎಂದು ನನ್ನನ್ನೇ ಬೈದುಕೊಂಡೆ. ಒಂದು ಬಾಣ ತಗುಲಿದವನು ಎರಡನೆಯದನ್ನು ತಾನೇ ಚುಚ್ಚಿಕೊಳ್ಳುವ ಕಥೆ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಬಿಡಿಸುವುದಿಲ್ಲ. ಚಿಕ್ಕಂದಿನಲ್ಲಿ ಬಿದ್ದಾಗ ಅವ್ವನ ಮಡಿಲಲ್ಲಿ ಕಲಿತ ಕೂಗು ಅದು. ಹಾಗೆಂದು ತಿಳಿದುಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಆ ಕೂಗಿಗಿಂತ ಅಪಾಯಕಾರಿ ಅನ್ನಿಸಿದ್ದು ಅವ್ವನ ಮಾತಿನ ಮೊದಲ ಅರ್ಧ, ಯಾವ ಜನ್ಮದ ಕರ್ಮವೋ ಎಂಬುದು. ಅದು ಒಳಗೆ ಕೂತುಬಿಟ್ಟಿತು. ಯಾರಿಗೂ ಕೆಟ್ಟದ್ದು ಮಾಡದ ನನಗೇ ಯಾಕೆ ಎಂದು ಮನಸ್ಸು ಹುಡುಕಲು ಶುರುಮಾಡಿತು. ಹಾಗೆ ಹುಡುಕುವ ಮನಸ್ಸಿಗೆ ಡಾಕ್ಟರ ಮಾತು ಕೇಳಿಸುವುದಿಲ್ಲ.

ಬಂಧುಗಳೇ, ಭಗವಾನರಿಗೂ ಬೆನ್ನು ನೋವಿತ್ತು. ಇದನ್ನು ನಾವು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಮಜ್ಝಿಮ ನಿಕಾಯದ ಸೇಖ ಸುತ್ತದಲ್ಲಿ ಇದೆ. ಕಪಿಲವಸ್ತುವಿನಲ್ಲಿ ಶಾಕ್ಯರು ಹೊಸ ಸಭಾಭವನ ಕಟ್ಟಿ, ಮೊದಲು ಭಗವಾನರೇ ಬಂದು ಕೂರಬೇಕೆಂದು ಕರೆದರು. ಅವರು ಹೋಗಿ ರಾತ್ರಿ ಬಹಳ ಹೊತ್ತಿನವರೆಗೆ ಬೋಧಿಸಿದರು. ಆಮೇಲೆ ಆನಂದನನ್ನು ಕರೆದು, ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚಿಕೊಳ್ಳುತ್ತೇನೆ, ಮುಂದಿನದನ್ನು ನೀನು ಹೇಳು ಎಂಬರ್ಥದಲ್ಲಿ ಹೇಳಿ, ಮೇಲುವಸ್ತ್ರವನ್ನು ಮಡಿಸಿ ಹಾಸಿಕೊಂಡು ಬಲಮಗ್ಗುಲಿಗೆ ಮಲಗಿದರು. ದೀಘ ನಿಕಾಯದ ಸಂಗೀತಿ ಸುತ್ತದಲ್ಲಿಯೂ ಹೀಗೆಯೇ. ಅಲ್ಲಿ ಊರು ಪಾವಾ, ಮುಂದುವರಿಸಿದವರು ಸಾರಿಪುತ್ತರು. ಸಭೆಯ ಮುಂದೆ, ಸ್ವಂತ ಕುಲದವರ ಮುಂದೆ, ಬೆನ್ನು ನೋಯುತ್ತಿದೆ ಎಂದು ಹೇಳಿ ಮಲಗಿಬಿಡುವುದು. ನಾನು ಎಂಟನೇ ತರಗತಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರಲೂ ನಾಚಿದವಳು.

ಇನ್ನೊಂದು ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಭಗವಾನರಿಗೆ ಯಾಕೆ ಬೆನ್ನು ನೋಯಿತು ಎಂಬುದಕ್ಕೆ ಪಾಲಿ ಸಾಹಿತ್ಯದಲ್ಲೇ ಎರಡು ಉತ್ತರಗಳಿವೆ. ಅಪದಾನ ಎಂಬ ಗ್ರಂಥದ ಒಂದು ಕಡೆ, ಹಿಂದಿನ ಜನ್ಮದಲ್ಲಿ ಕುಸ್ತಿಯಲ್ಲಿ ಒಬ್ಬ ಜಟ್ಟಿಯ ಮಗನನ್ನು ನೋಯಿಸಿದ್ದರ ಫಲ ಎಂದಿದೆ. ಸೇಖ ಸುತ್ತದ ಅಟ್ಠಕಥೆ ಬೇರೆ ಹೇಳುತ್ತದೆ. ಆರು ವರ್ಷ ಕಠಿಣ ತಪಸ್ಸಿನಲ್ಲಿ ದೇಹ ದಂಡಿಸಿದರಲ್ಲ, ಅದು ವಯಸ್ಸಾದ ಮೇಲೆ ಬೆನ್ನಿನಲ್ಲಿ ಕಾಣಿಸಿಕೊಂಡಿತು ಎಂದು. ಒಂದು ಉತ್ತರ ಜನ್ಮಾಂತರಕ್ಕೆ ಓಡಿತು, ಇನ್ನೊಂದು ಆ ದೇಹ ಏನೇನು ಅನುಭವಿಸಿತ್ತು ಎಂದು ನೋಡಿತು. ಬರೆದವರು ಇಬ್ಬರೂ ಭಕ್ತಿಯಿಂದಲೇ ಬರೆದವರು. ನನಗೆ ಎರಡನೆಯವರ ಪಕ್ಕ ಕೂರಬೇಕು ಅನ್ನಿಸುತ್ತದೆ.

ಭಗವಾನರೇ ಈ ಪ್ರಶ್ನೆ ಎದುರಿಸಿದ್ದೂ ಉಂಟು. ರಾಜಗೃಹದ ವೇಳುವನದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು ಕೇಳಿದ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರಿಂದಲೇ ಎಂದು ಕೆಲವು ಶ್ರಮಣರು, ಬ್ರಾಹ್ಮಣರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು. ಭಗವಾನರು ಒಪ್ಪಲಿಲ್ಲ. ಪಿತ್ತದಿಂದ ನೋವು ಬರುತ್ತದೆ, ಕಫದಿಂದ ಬರುತ್ತದೆ, ವಾತದಿಂದ, ಮೂರೂ ಕೂಡಿ, ಋತು ಬದಲಾದಾಗ, ದೇಹವನ್ನು ಅಡ್ಡಾದಿಡ್ಡಿ ಬಳಸಿದಾಗ, ಪೆಟ್ಟು ಬಿದ್ದಾಗ, ಎಂಟನೆಯದಾಗಿ ಕರ್ಮಫಲದಿಂದ. ಇದು ನೀನೇ ನೋಡಿ ತಿಳಿಯಬಹುದಾದ್ದು, ಲೋಕವೂ ಒಪ್ಪಿದ್ದು. ಎಲ್ಲವೂ ಹಿಂದಿನ ಕರ್ಮ ಎನ್ನುವವರು ತಾವು ಕಂಡದ್ದನ್ನು ಮೀರಿ ಮಾತಾಡುತ್ತಾರೆ ಎಂದರು. ಎಂಟನೆಯದರ ಬಗ್ಗೆ ನಮ್ಮ ಕೂಟದಲ್ಲಿ ಪ್ರತಿ ಸಲವೂ ಜಗಳವಾಗುತ್ತದೆ, ಆಗಲಿ. ನನ್ನದು ಮಾತ್ರ ಸಂಶಯವಿಲ್ಲದೆ ಆರನೆಯದು. ಪಾಲಿಯಲ್ಲಿ ಅದಕ್ಕೆ ವಿಸಮಪರಿಹಾರ ಎನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಒಬ್ಬಳೇ ಎಂಟು ಬಂಡಲು ಎತ್ತುವುದು.

ಇದು ಬರೀ ನನ್ನ ಸೊಂಟದ ವಿಷಯವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಅವ್ವನ ಬೆನ್ನು ಐವತ್ತಕ್ಕೇ ಬಾಗಿತು. ಗೌಡರ ಗದ್ದೆಯಲ್ಲಿ ನಾಟಿ ಹಾಕಿ, ಕಂತೆ ಹೊತ್ತು, ಬಾಣಂತಿಯಾದ ತಿಂಗಳಿಗೇ ಮತ್ತೆ ಮಣ್ಣು ಹೊತ್ತು ಬಾಗಿದ ಬೆನ್ನು. ಅದಕ್ಕೆ ಯಾರೂ ಎಕ್ಸ್‌ರೇ ತೆಗೆಸಲಿಲ್ಲ. "ನಿಮ್ಮ ಹಣೆಬರಹ" ಎಂದವರು ಹೊರಿಸಿದವರೇ. ಅವಳು ಅದನ್ನು ನಂಬಿದಳು, ನಂಬಿದ್ದನ್ನೇ ಈಗ ಮಗಳಿಗೂ ಪ್ರೀತಿಯಿಂದ ಕೊಡಲು ಬಂದಿದ್ದಾಳೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಈ ಗಂಟನ್ನು ಬಿಚ್ಚುತ್ತಾರೆ. ಬಡವನ ಸ್ಥಿತಿಗೆ ಅವನ ಹಿಂದಿನ ಜನ್ಮವೇ ಕಾರಣ ಎಂದುಬಿಟ್ಟರೆ ಸಮಾಜ, ಸರ್ಕಾರ ಎರಡೂ ಹೊಣೆಯಿಂದ ಪಾರಾಗುತ್ತವೆ ಎಂಬುದು ಅವರ ವಾದದ ತಿರುಳು. ನನ್ನ ಡಿಸ್ಕಿಗೆ ಹಿಂದಿನ ಜನ್ಮ ಕಾರಣ ಎಂದು ಒಪ್ಪಿದ ದಿನ ನಮ್ಮ ಕೇರಿಗೂ ಅದೇ ಕಾರಣ ಎಂದು ಒಪ್ಪಿದ ಹಾಗೆ. ಅದಕ್ಕೆ ಹರಕೆ ಹೊರಲಿಲ್ಲ. ಅವ್ವನಿಗೆ ಹೀಗೆ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿ, "ಸರಿ ಬುಡು, ನಿನ್ನ ಪರವಾಗಿ ಬ್ಯಾಡ, ನನ್ನ ಪರವಾಗಿ ನಾನೇ ಹೊತ್ಕತೀನಿ" ಎಂದಳು. ಈ ವಾದದಲ್ಲಿ ನಾನು ಗೆದ್ದಿಲ್ಲ.

ಬಾಬಾಸಾಹೇಬರು ಸ್ವತಃ ಸಕ್ಕರೆ ಕಾಯಿಲೆ, ಕಾಲುನೋವಿನಿಂದ ಬಳಲಿದವರು. ಚಿಕಿತ್ಸೆ ತೆಗೆದುಕೊಂಡರು, 1948ರಲ್ಲಿ ಅವರು ಮದುವೆಯಾದ ಸವಿತಾ ಅವರು ಡಾಕ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಾಗ ಅವರಿಗೆ ಉಳಿದಿದ್ದು 53 ದಿನ. ದೇಹ ಸೋತಿದ್ದನ್ನು ಅವರು ಪಾಪ ಎಂದು ಓದಲಿಲ್ಲ.

ಕಾರಣ ಇಲ್ಲೇ ಇದೆ ಎಂದಾದ ಮೇಲೆ ಪರಿಹಾರವನ್ನೂ ಇಲ್ಲೇ ನೋಡಬೇಕು. ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಫಿಲ್ಮ್ ನೋಡುವ ಮೊದಲು ನನ್ನನ್ನು ನೋಡಿದರು. ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು, ಹೆಬ್ಬೆರಳನ್ನು ಮೇಲೆತ್ತಲು ಹೇಳಿ ತಮ್ಮ ಬೆರಳಿನಿಂದ ಒತ್ತಿ ಹಿಡಿದರು. ಶಕ್ತಿ ಸರಿಯಾಗಿದೆ, ಆರು ವಾರ ಕಾಯೋಣ ಎಂದರು. ನೋವೇ ಇಲ್ಲದವರ ಬೆನ್ನಿನ ಚಿತ್ರ ತೆಗೆದರೂ 40ರ ವಯಸ್ಸಿನಲ್ಲಿ ಸುಮಾರು ಅರ್ಧ ಜನರ ಡಿಸ್ಕ್ ಉಬ್ಬಿರುತ್ತದಂತೆ. ಹೊರಬಂದ ತಿರುಳನ್ನು ಎಷ್ಟೋ ಸಲ ದೇಹವೇ ಮೆಲ್ಲಗೆ ಕರಗಿಸಿಕೊಳ್ಳುತ್ತದಂತೆ. ಹೆಚ್ಚಿನವರಿಗೆ ಮಾತ್ರೆ, ವ್ಯಾಯಾಮ, ತಾಳ್ಮೆಯಲ್ಲೇ ಕಡಿಮೆಯಾಗುತ್ತದಂತೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದ ಬಗ್ಗೆ ಹೇಳಿದರು, ಮಗಳು ಮನೆಗೆ ಬಂದು ಹುಡುಕಿ ಓದಿದಳು. ಕಾಲಿಗಿಳಿದ ತೀವ್ರ ನೋವಿನ 283 ಜನರಲ್ಲಿ ಅರ್ಧ ಜನರಿಗೆ ಬೇಗನೆ ಆಪರೇಷನ್, ಉಳಿದರ್ಧಕ್ಕೆ ಕಾದು ನೋಡುವುದು. ಬೇಗ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಕಡೆ ನೂರಕ್ಕೆ 95 ಜನ ಗುಣವಾಗಿದ್ದರು. ಕಾದವರಲ್ಲಿ ನೂರಕ್ಕೆ 39 ಜನ ನಡುವೆ ಆಪರೇಷನ್ ಮಾಡಿಸಿಕೊಂಡರು. ಆದರೆ ಕಾಲಿನ ಸ್ನಾಯು ತೀರಾ ಸೋತವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಹೊರಡುವಾಗ ಡಾಕ್ಟರು ಎರಡು ಮಾತು ಒತ್ತಿ ಹೇಳಿದರು. ಮೂತ್ರ, ಮಲದ ಹಿಡಿತ ತಪ್ಪಿದರೆ ಅಥವಾ ಕೂರುವ ಜಾಗ ಜೋಮು ಹಿಡಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಬನ್ನಿ. ಪಾದ ಸೋತರೆ ಮಾರನೇ ದಿನವೇ ತೋರಿಸಿ.

ಕಾದೆ. ಫಿಸಿಯೋಥೆರಪಿ ಮಾಡಿಸಿದೆ, ನಾಲ್ಕು ವಾರಕ್ಕೆ ನೋವು ಅರ್ಧ ಇಳಿಯಿತು. ನಮ್ಮ ಕೂಟದ ಅಕ್ಕ ಒಬ್ಬರು "ಧ್ಯಾನದಿಂದ ಕಡಿಮೆಯಾಯ್ತು" ಎಂದು ಎಲ್ಲರಿಗೂ ಹೇಳಿದರು. ನಾನು ತಿದ್ದಲಿಲ್ಲ, ಹೊಗಳಿಕೆ ಹಿತವಾಗಿತ್ತು.

ಐದನೇ ವಾರ ಒಂದು ದಿನ ತರಗತಿಯಲ್ಲಿ ಹಳಗನ್ನಡ ಪಾಠ ಮಾಡುತ್ತಾ ಬೆಂಚುಗಳ ನಡುವೆ ನಡೆಯುತ್ತಿದ್ದೆ. ಹಿಂದಿನಿಂದ ಒಬ್ಬ ಹುಡುಗ, "ಮಿಸ್, ನಿಮ್ಮ ಚಪ್ಪಲಿ ಇಲ್ಲೇ ಬಿದ್ದೋಗದೆ" ಎಂದ. ಬಲಗಾಲಿನ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆ ಇತ್ತು. ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೆಬ್ಬೆರಳು ಎತ್ತಲು ನೋಡಿದೆ. ಎಡಗಾಲಿನದು ಎದ್ದಿತು. ಬಲಗಾಲಿನದು ಅರ್ಧಕ್ಕೆ ನಡುಗಿ ಕೆಳಗಿಳಿಯಿತು.

ಇದನ್ನು ನಾನು ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಹಿಂಬದಿ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡೆ. ನಡುವೆ ಡಾಕ್ಟರು ಫೋನಿನಲ್ಲಿ "ಹೇಗಿದೆ?" ಎಂದು ಕೇಳಿದರೆ "ನೋವು ಕಡಿಮೆ ಸಾರ್, ಪರವಾಗಿಲ್ಲ" ಎಂದೆ. ನೋವು ಕಡಿಮೆಯಾಗಿದ್ದು ನಿಜ. ಅರ್ಧ ನಿಜ ಹೇಳುವುದು ನಾಲ್ಕನೇ ಶೀಲಕ್ಕೆ ಸರಿಯೋ ಎಂದು ಮಕ್ಕಳಿಗೆ ಪಾಠ ಮಾಡಿದವಳು ನಾನೇ. ಕಾರಣ ಭಯ. ಬೆನ್ನಿಗೆ ಚಾಕು ಹಾಕಿಸಿಕೊಂಡು ಮಲಗಿಯೇ ಉಳಿದವರ ಕಥೆ ಪ್ರತಿ ಊರಲ್ಲೂ ಒಂದಿರುತ್ತದೆ. ಇನ್ನೊಂದು ಕಾರಣ ಹೇಳಲು ನಾಚಿಕೆ. ಧ್ಯಾನದಿಂದ ಗುಣವಾದವಳು ಎಂಬ ಹೆಸರು ಬಿಡಲು ಮನಸ್ಸಿರಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಭಗವಾನರು ಶುಶ್ರೂಷೆಗೆ ಒಗ್ಗುವ ರೋಗಿಯ ಐದು ಗುಣ ಹೇಳುತ್ತಾರೆ. ಹಿತವಾದದ್ದನ್ನು ಮಾಡುತ್ತಾನೆ, ಹಿತದಲ್ಲೂ ಅಳತೆ ತಿಳಿದಿರುತ್ತಾನೆ, ಔಷಧಿ ತೆಗೆದುಕೊಳ್ಳುತ್ತಾನೆ. ನಾಲ್ಕನೆಯದಾಗಿ, ನೋಡಿಕೊಳ್ಳುವವರಿಗೆ ರೋಗವನ್ನು ಇದ್ದಂತೆ ತಿಳಿಸುತ್ತಾನೆ, ಹೆಚ್ಚಿದ್ದರೆ ಹೆಚ್ಚಿದೆ, ಇಳಿದಿದ್ದರೆ ಇಳಿದಿದೆ, ಹಾಗೇ ಇದ್ದರೆ ಹಾಗೇ ಇದೆ ಎಂದು. ಐದನೆಯದು ನೋವನ್ನು ತಾಳಿಕೊಳ್ಳುವುದು. ನಮ್ಮ ಹೆಣ್ಣುಮಕ್ಕಳಿಗೆ ಐದನೆಯದೊಂದನ್ನೇ ಕಲಿಸಿ ಮಿಕ್ಕ ನಾಲ್ಕನ್ನು ಬಿಟ್ಟುಬಿಟ್ಟಿದ್ದಾರೆ. ಅವ್ವ ತಾಳಿಕೊಂಡಳು, ಅವಳವ್ವ ತಾಳಿಕೊಂಡಳು. ನಾನು ಎಂಎ ಓದಿಯೂ ಅದನ್ನೇ ಮಾಡುತ್ತಿದ್ದೆ, ಧಮ್ಮದ ಹೆಸರಿನಲ್ಲಿ.

ಹನ್ನೆರಡನೇ ದಿನ ಮಗಳು ಹಿಡಿದುಹಾಕಿದಳು. ನಾನು ಮೆಟ್ಟಿಲು ಹತ್ತುವಾಗ ಬಲಗಾಲನ್ನು ಮಂಡಿಯಿಂದ ಎತ್ತಿ ಇಡುತ್ತಿದ್ದೆನಂತೆ. "ಅಮ್ಮ, ಬೆರಳೆತ್ತು ನೋಡೋಣ" ಎಂದಳು. ಎತ್ತಲಾಗಲಿಲ್ಲ. ಅವಳು ಬೈಯಲಿಲ್ಲ, ಡಾಕ್ಟರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು.

ಮಾರನೇ ದಿನವೇ ಮೈಸೂರಿಗೆ ಹೋದೆವು. ಡಾಕ್ಟರು ನೋಡಿ, ಈಗ ಲೆಕ್ಕ ಬದಲಾಗಿದೆ ಎಂದರು. ಅವರೇ ಆರು ವಾರದ ಹಿಂದೆ ಬೇಡ ಎಂದಿದ್ದವರು. ಆಗ ನೋವೊಂದೇ ಇತ್ತು, ಈಗ ನರ ಸೋಲುತ್ತಿದೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಸಣ್ಣ ಗಾಯ ಮಾಡಿ, ನರವನ್ನು ಒತ್ತುತ್ತಿರುವ ತುಣುಕನ್ನಷ್ಟೇ ತೆಗೆಯುತ್ತಾರೆ, ಇಡೀ ಡಿಸ್ಕನ್ನಲ್ಲ. ನಾನು ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಪಾದದ ಶಕ್ತಿ ಪೂರ್ತಿ ಬರುತ್ತದಾ? ಹೇಳಲಾಗದು, ತಡವಾದಷ್ಟೂ ಆಸೆ ಕಡಿಮೆ. ಬೆನ್ನು ನೋವು? ಈ ಆಪರೇಷನ್ ಕಾಲಿಗಾಗಿ, ಬೆನ್ನಿಗೆ ಮಾತು ಕೊಡುವುದಿಲ್ಲ. ಮತ್ತೆ ಬರುತ್ತದಾ? ಕೆಲವರಿಗೆ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಅಪಾಯ? ಸೋಂಕು, ನರದ ಹೊದಿಕೆ ಹರಿಯುವುದು, ಅಪರೂಪಕ್ಕೆ ನರಕ್ಕೇ ಪೆಟ್ಟು. ಒಂದಕ್ಕೂ ಸಿಹಿ ಸವರಲಿಲ್ಲ. ಹನ್ನೊಂದು ದಿನ ಮುಚ್ಚಿಟ್ಟಿದ್ದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದುಕೊಳ್ತೀನಿ" ಎಂದರು.

ಹೊರಗಿನ ಬೆಂಚಿನ ಮೇಲೆ ನಾವು ಮೂವರೂ ಕೂತೆವು. ಆರು ವಾರ ಕಾದದ್ದು ತಪ್ಪಾಯಿತಾ ಎಂದು ನಮ್ಮೆಜಮಾನರು ಕೇಳಿದರು. ಕಾದದ್ದು ತಪ್ಪಲ್ಲ, ಅವತ್ತು ಕಂಡದ್ದಕ್ಕೆ ಅದೇ ಸರಿ. ಕೊನೆಯ ಹನ್ನೊಂದು ದಿನ ತಪ್ಪು, ಅದು ನನ್ನದು. ಇಷ್ಟು ಬಾಯಿಬಿಟ್ಟು ಹೇಳಿದ ಮೇಲೆ ಭಯ ಹೋಗಲಿಲ್ಲ, ಆದರೆ ಪಕ್ಕಕ್ಕೆ ಸರಿದು ಕೂತಿತು. ಮಾಡಿಸಿಕೊಳ್ಳುತ್ತೇನೆ ಎಂದೆ.

ನಾಡಿದ್ದು ಗುರುವಾರ ಬೆಳಿಗ್ಗೆ ಆಪರೇಷನ್. ಅವ್ವ ಆಸ್ಪತ್ರೆಯಲ್ಲಿ ನನ್ನ ಜೊತೆ ಇರುತ್ತಾಳೆ, ಬ್ಯಾಗಿನಲ್ಲಿ ಮಾದಪ್ಪನ ವಿಭೂತಿ ಇಟ್ಟುಕೊಂಡಿದ್ದಾಳೆ, ನೋಡಿಯೂ ನೋಡದವಳಂತೆ ಇದ್ದೇನೆ. ಮುಂದೆ ಆರು ವಾರ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ರಾಜಗೃಹದ ಸಾಹುಕಾರನ ತಲೆ ಕೊಯ್ದು ಚಿಕಿತ್ಸೆ ಮಾಡುವ ಮೊದಲು ಜೀವಕ ಅವನನ್ನು ಕೇಳಿದನಂತೆ, ಒಂದು ಮಗ್ಗುಲಿಗೆ ಏಳು ತಿಂಗಳು, ಇನ್ನೊಂದು ಮಗ್ಗುಲಿಗೆ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗುತ್ತೀಯಾ ಎಂದು. ಆಗಲಿ ಎಂದವನು ಏಳೇಳು ದಿನಕ್ಕೇ ಆಗುವುದಿಲ್ಲ ಎಂದ. ಜೀವಕನ ಲೆಕ್ಕವೂ ಅಷ್ಟೇ ಇತ್ತು, ತಿಂಗಳು ಎನ್ನದಿದ್ದರೆ ದಿನವೂ ಮಲಗುತ್ತಿರಲಿಲ್ಲ ಎಂದು ನಕ್ಕನಂತೆ. ನಮ್ಮ ಡಾಕ್ಟರೂ ಹಾಗೇ ಹೇಳಿದ್ದಾರೋ ಏನೋ, ನಾನಂತೂ ಆರು ವಾರ ಎಂದರೆ ಆರು ವಾರ.

ಹಾಗಾಗಿ ಮುಂದಿನ ನನ್ನ ಸರದಿಗಳನ್ನು ಬ್ಯಾಂಕಿನ ಅಣ್ಣ ಬರೆಯಲು ಒಪ್ಪಿದ್ದಾರೆ. ಅಣ್ಣ, ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಚಾವರೆಗೆ ಬಂದು ನಿಲ್ಲಿಸಿದ್ದೆ. ಅಲ್ಲಿಂದ ನೀವು ಹೇಳಿ.

ಜೈ ಭೀಮ್. ನಮೋ ಬುದ್ಧಾಯ.